ಅವ್ವನ ಜೊತೆ ಎರಡು ಸಲ ಕರಾವಳಿ: ಕುಂದಾಪುರದ ದಾರಿಯೋ, ಅಂಕೋಲೆಯ ದಾರಿಯೋ?

ಗಂಗಾವತಿಯಿಂದ ಕಾರಿನಲ್ಲಿ ಸಮುದ್ರಕ್ಕೆ ಹೋಗಲು ನಾವು ಎರಡು ದಾರಿ ನೋಡಿದ್ದೇವೆ. ಹೊಸಪೇಟೆ, ಹರಪನಹಳ್ಳಿ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಬಾಳೆಬರೆ ಘಟ್ಟ ಇಳಿದರೆ ಕುಂದಾಪುರ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲೆ. ಮೊದಲನೆಯದಕ್ಕೆ ಡಿಸೆಂಬರಿನಲ್ಲಿ ಸುಗ್ಗಿ ಮುಗಿಸಿ ಹೆಂಡತಿ, ಮಕ್ಕಳು, ಅವ್ವ ಎಲ್ಲರೂ ಹೋದೆವು. ಎರಡನೆಯದಕ್ಕೆ ಮಾರ್ಚಿನಲ್ಲಿ ನಾನು, ಹೆಂಡತಿ, ಅವ್ವ ಮೂವರೇ. ಅವ್ವನಿಗೆ ಮೊಣಕಾಲು ನೋವು, ಬಹಳ ನಡೆಯಲಾರಳು. ಅದಕ್ಕೇ ಈ ಹೋಲಿಕೆಯಲ್ಲಿ ಅವಳ ಮಾತಿಗೆ ನನ್ನ ಮಾತಿಗಿಂತ ತೂಕ ಹೆಚ್ಚು.

ದಾರಿಯ ಲೆಕ್ಕ ಬೇಗ ಮುಗಿಸುತ್ತೇನೆ. ಅಂಕೋಲೆಗೆ ಸುಮಾರು 300 ಕಿಲೋಮೀಟರ್, ಕುಂದಾಪುರಕ್ಕೆ 350 ದಾಟುತ್ತದೆ. ನಸುಕಿನ ನಾಲ್ಕಕ್ಕೆ ಬಿಟ್ಟರೆ ಅಂಕೋಲೆಯಲ್ಲಿ ಹನ್ನೊಂದರ ಚಹಾ ಕುಡಿಯಬಹುದು. ಕುಂದಾಪುರ ಮುಟ್ಟುವಾಗ ನಮಗೆ ಊಟದ ಹೊತ್ತು ಮೀರಿತ್ತು. ಬಾಳೆಬರೆ ಕಿರಿದು, ಕಡಿದು, ತಿರುವುಗಳು ಬಿಗಿ. ಚಿಕ್ಕ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಅರಬೈಲ್ ಅಗಲವಾಗಿದೆ, ಆದರೆ ಲಾರಿಗಳ ಸಾಲು ತಪ್ಪುವುದಿಲ್ಲ. ಒಂದು ಕಾಲಕ್ಕೆ ನಮ್ಮ ಸಂಡೂರು, ಹೊಸಪೇಟೆ ಸೀಮೆಯ ಅದಿರು ಬೇಲೆಕೇರಿ ಬಂದರಿಗೆ ಇಳಿದದ್ದೂ ಇದೇ ಘಟ್ಟದಲ್ಲಿ. ಮಳೆಗಾಲದಲ್ಲಿ ಎರಡೂ ಬೇಡ. 2024ರ ಜುಲೈಯಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ಮರೆಯಬಾರದು.

ಕಣ್ಣಿಗೆ ಹಬ್ಬ ಬೇಕೆಂದರೆ ಕುಂದಾಪುರದ ಕಡೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅವ್ವ ಕಾರಿನಿಂದ ಇಳಿಯದೆಯೇ ಜೀವನದಲ್ಲಿ ಮೊದಲ ಸಲ ಸಮುದ್ರ ಕಂಡಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡೂ ಕೈ ಮುಗಿದಳು. ಆದರೆ ನೀರಿಗೆ ಕಾಲು ತೋಯಿಸೋಣ ಎಂದರೆ ದಡದುದ್ದಕ್ಕೂ ಕೊರೆತ ತಡೆಯಲು ಹಾಕಿದ ದೊಡ್ಡ ಬಂಡೆಗಳು. ಮೊಣಕಾಲು ನೋವಿನವರು ಅದನ್ನು ದಾಟಲಾಗುವುದಿಲ್ಲ. ಬೆನ್ನ ಹಿಂದೆ ಗಾಡಿಗಳ ಓಟ ಬೇರೆ, ಮಕ್ಕಳ ಕೈ ಬಿಡುವಂತಿಲ್ಲ. ಬೈಂದೂರಿನ ಒತ್ತಿನೆಣೆ ಗುಡ್ಡ, ಭಟ್ಕಳ, ಕೊನೆಗೆ ಮುರುಡೇಶ್ವರ. ಅಲ್ಲಿನ 20 ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇದೆ, ಅವ್ವನೂ ಮೇಲೇರಿ ನೋಡಿದಳು. ಮಕ್ಕಳು ಇವತ್ತಿಗೂ ಅದನ್ನೇ ಹೇಳುತ್ತಾರೆ. ಊಟದಲ್ಲೂ ಕುಂದಾಪುರಕ್ಕೇ ನನ್ನ ಓಟು: ನೀರುದೋಸೆ, ಕೋಳಿ ಸುಕ್ಕಾ ಸಿಕ್ಕರೆ ನಾನು ರೊಟ್ಟಿ ನೆನೆಯುವುದಿಲ್ಲ. ಬೇಜಾರಾದದ್ದು ಒಂದೇ ವಿಷಯಕ್ಕೆ. ಫೋನಿನಲ್ಲಿ ಒಂದು ಬಾಡಿಗೆ ಹೇಳಿದ ಲಾಡ್ಜಿನವರು ರಾತ್ರಿ ಎಂಟಕ್ಕೆ ಬಾಗಿಲಲ್ಲಿ ನಿಂತಾಗ ಅದರ ದುಪ್ಪಟ್ಟು ಕೇಳಿದರು. ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಚೌಕಾಶಿ ಮಾಡುವುದು ಎಂಥ ಸಂಕಟ! ಡಿಸೆಂಬರ್ ಕೊನೆಯ ವಾರ ಹೋಗುವವರು ಬಾಡಿಗೆಯನ್ನು ಮೆಸೇಜಿನಲ್ಲಿ ಬರೆಸಿಕೊಂಡೇ ಹೊರಡಿ.

ಅಂಕೋಲೆಯ ಕಡೆ ಇಷ್ಟು ದೊಡ್ಡ ನೋಟಗಳು ಒಂದರ ಹಿಂದೆ ಒಂದು ಬರುವುದಿಲ್ಲ. ಊರುಗಳು ಸಣ್ಣವು, ಹೊತ್ತು ನಿಧಾನ. ಸಂತೆಯಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಸೊಪ್ಪು ಮಾರುತ್ತಿದ್ದರು. ಅವ್ವ ಏನೂ ಕೊಳ್ಳದೆ ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂತು ಮಾತಾಡಿದಳು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಇದು. ಮುಂದೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಈಗಲೂ ಉಪ್ಪು ಮಾಡುತ್ತಾರೆ. ಮಾರ್ಚ್ ಅಲ್ಲವೇ, ಉಪ್ಪಿನ ಗದ್ದೆಯ ಅಂಚಿನಲ್ಲಿ ಬೆಳ್ಳಗೆ ಗುಡ್ಡೆ ಹಾಕಿದ್ದರು. ಅವ್ವ ಕಾರು ನಿಲ್ಲಿಸೆಂದಳು. "ತಮ್ಮಾ, ನಮ್ಮ ಕೆಳಗಿನ ಹೊಲದಾಗ ಹಿಂಗ ಬೆಳ್ಳಗ ಬೀಳತೈತಲ್ಲೋ," ಎಂದಳು.

ಅವಳು ಹೇಳಿದ್ದು ಸವಳಿನ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದಲೇ ನಮ್ಮ ಸೋನಾ ಮಸೂರಿ, ನಮ್ಮ ಬದುಕು. ಆದರೆ ನೀರು ಬಸಿದು ಹೋಗದ ತಗ್ಗಿನಲ್ಲಿ ವರ್ಷ ವರ್ಷ ಉಪ್ಪು ಮೇಲೆದ್ದು ಭೂಮಿ ಸಾಯುತ್ತದೆ. ನಮ್ಮದು ಅರ್ಧ ಎಕರೆ ಹಾಗೇ ಬಿದ್ದಿದೆ.

ಕುಮಟಾ ದಾಟುವ ಮೊದಲು ಅಘನಾಶಿನಿಯ ದಂಡೆಯ ಹಳ್ಳಿಯೊಂದರಲ್ಲಿ ದಾರಿ ಕೇಳಲು ನಿಂತೆವು. ಎದುರಿಗೆ ಗಜನಿ ಭೂಮಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ. ಆಗಲೂ ನೀರು ನಿಂತಿತ್ತು. ಮಳೆಗಾಲದಲ್ಲಿ ಇಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ, ಕೊಯ್ಲಾದ ಮೇಲೆ ಮೀನು, ಸಿಗಡಿ ಎಂದರು ಅಲ್ಲಿದ್ದ ಹಿರಿಯರು. ಆಳೆತ್ತರಕ್ಕೆ ಬೆಳೆಯುವ ಪೈರಂತೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲವಂತೆ. ಅವ್ವ ನಂಬಲಿಲ್ಲ. ಅವರು ಒಳಗೆ ಹೋಗಿ ಒಂದು ಬೊಗಸೆ ಭತ್ತ ತಂದರು. ನಲವತ್ತು ವರ್ಷ ನಾಟಿ ಹಚ್ಚಿದ ಕೈ ಅವಳದು. ನಾಲ್ಕು ಕಾಳು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ತಿಕ್ಕಿ, ಹೊಟ್ಟು ಊದಿ, ಕೆಂಪಗಿನ ದಪ್ಪ ಅಕ್ಕಿಯನ್ನು ಹಲ್ಲಿನಲ್ಲಿ ಕಡಿದು ನೋಡಿದಳು.

"ನಮ್ಮಲ್ಲಿ ಸವಳು ಬಂದ್ರ ಹುಲ್ಲೂ ಏಳಂಗಿಲ್ಲ. ನೀವು ಪುಣ್ಯವಂತ್ರು ನೋಡ್ರಿ," ಎಂದಳು.

ಅದಾದ ಮೇಲೆ ಮಿರ್ಜಾನ್ ಕೋಟೆ ಕಂಡೆವು, ಕುಮಟಾದಲ್ಲಿ ತಂಗಿದೆವು. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದಂತೆ ತೂಗುಹಾಕಿದ ಸಿಹಿ ಉಳ್ಳಾಗಡ್ಡಿ ಕೊಂಡೆವು. ಕಾರ ಕಡಿಮೆ, ರೊಟ್ಟಿ ಜೊತೆ ಹಸಿಯಾಗಿ ತಿನ್ನಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಅವ್ವ ಕೊನೆಗೂ ನೀರಿಗಿಳಿದದ್ದು ಹೊನ್ನಾವರದ ಆಚೆ ಕಾಸರಕೋಡಿನಲ್ಲಿ. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕ ಕಡಲತೀರ. ಬಟ್ಟೆ ಬದಲಿಸಲು ಕೋಣೆ ಇದೆ, ಶೌಚಾಲಯ ಚೊಕ್ಕಟ, ಕಾವಲಿಗೆ ಜನ ಇದ್ದಾರೆ. ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ಸಣ್ಣ ಮಾತಲ್ಲ.

ಮಕ್ಕಳಿದ್ದು ಎರಡೇ ದಿನ ಬಿಡುವಿದ್ದರೆ ಕುಂದಾಪುರ, ಮರವಂತೆ, ಮುರುಡೇಶ್ವರಕ್ಕೆ ಹೋಗಿ. ಹೊಲದಲ್ಲಿ ದುಡಿದ ಹಿರಿಯರು ಜೊತೆಗಿದ್ದರೆ, ಮೂರು ದಿನ ಇದ್ದರೆ, ಅಂಕೋಲೆಯಿಂದ ಹೊನ್ನಾವರ. ನಾನಂತೂ ಇನ್ನು ಮುಂದೆ ಅರಬೈಲನ್ನೇ ಇಳಿಯುವವನು.

ಆ ಬೊಗಸೆ ಭತ್ತವನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಊರಿಗೆ ಬಂದಳು. ಈಗ ಅದು ದೇವರ ಜಗಲಿಯ ಮೇಲೆ ಒಂದು ಡಬ್ಬಿಯಲ್ಲಿದೆ. ಮುಂಗಾರು ಬಿದ್ದ ಮೇಲೆ ಆ ಅರ್ಧ ಎಕರೆಯ ಒಂದು ಮೂಲೆಯಲ್ಲಿ ಹಾಕಬೇಕಂತೆ.