ಎಲಾಸ್ಟಿಕ್ ಪಟ್ಟಿನಾ, ಕಂಬಿ ಇರೋ ಸ್ಪ್ಲಿಂಟಾ? ಜೋಮು ಹಿಡಿಯೋ ಕೈಗೆ ನಾನು ಹಾಕಿ ನೋಡಿದ್ದು

ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಒದ್ದೆ ಕೈ ಕೊಡವೋ ಹಾಗೆ ಕೈ ಕೊಡವಿಕೊಳ್ಳೋರು ಇದ್ರೆ ಓದಿ. ನಂದು ಬಲಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು ಪೂರ್ತಿ ಜೋಮು, ಉಂಗುರದ ಬೆರಳು ಅರ್ಧ, ಕಿರುಬೆರಳು ಮಾತ್ರ ನಂಗೂ ಇವರಿಗೂ ಸಂಬಂಧನೇ ಇಲ್ಲ ಅನ್ನೋ ಹಾಗೆ ಆರಾಮಾಗಿರುತ್ತೆ. ಡಾಕ್ಟರು ಮೊದಲು ವಿಚಾರಿಸಿದ್ದೂ ಕಿರುಬೆರಳನ್ನೇ, ಯಾಕಂದ್ರೆ ಮಣಿಕಟ್ಟಲ್ಲಿ ಒತ್ತಿಹೋಗೋ ಮೀಡಿಯನ್ ನರ ಅದಕ್ಕೆ ಹೋಗಲ್ಲ. ಇದು ಕಾರ್ಪಲ್ ಟನಲ್ ಅನ್ನೋ ತೊಂದ್ರೆ, ರಾತ್ರಿ ಸ್ಪ್ಲಿಂಟ್, ಅಂದ್ರೆ ಮಣಿಕಟ್ಟು ಮಡಚದ ಹಾಗೆ ಹಿಡಿದಿಡೋ ಪಟ್ಟಿ, ಹಾಕ್ಕೊಂಡು ಮಲಗಿ ಅಂದ್ರು.

ನಾನು ಮಹಾ ಬುದ್ಧಿವಂತ, ಸ್ಪ್ಲಿಂಟ್ ಬಿಟ್ಟು ಎಲಾಸ್ಟಿಕ್ ಪಟ್ಟಿ ತಂದೆ. ಅಗ್ಗ, ಮೆತ್ತಗಿದೆ, ಹಗಲು ಬೆಚ್ಚಗೆ ಹಿತವಾಗೂ ಇರುತ್ತೆ. ಆದ್ರೆ ನಾನು ಮಲಗೋದು ಕೈ ಮಡಚಿ ಗಲ್ಲದ ಕೆಳಗಿಟ್ಕೊಂಡು, ಮಣಿಕಟ್ಟು ಮಡಚಿದ್ರೆ ಒಳಗೆ ನರದ ಮೇಲೆ ಒತ್ತಡ ಏರುತ್ತೆ, ಆ ಮಡಚೋದನ್ನ ಈ ಪಟ್ಟಿ ಒಂಚೂರೂ ತಡೆಯಲ್ಲ. ಬಿಗಿ ಸಾಲಲ್ಲ ಅಂತ ಇನ್ನೊಂದು ಸುತ್ತು ಎಳೆದು ಕಟ್ಟಿದೆ, ಜೋಮು ಇನ್ನೂ ಬೇಗ ಬಂತು. ದುಡ್ಡು ದಂಡ.

ಆಮೇಲೆ ಅಂಗೈ ಕಡೆ ಕಂಬಿ ಇರೋ ಸ್ಪ್ಲಿಂಟ್. ಈಗ ನಂದು ಇದೇ, ಆದ್ರೆ ಮೊದಲ ವಾರ ಇದನ್ನೂ ಬೈಕೊಂಡೆ. ಹಾಕಿದ್ರೆ ಕೈ ಯಾರಿಗೋ "ನಿಲ್ಲಿ" ಅಂತ ತೋರಿಸೋ ಹಾಗೆ ಹಿಂದಕ್ಕೆ ಬಾಗಿರೋದು. ಇದು ಹೀಗೇ ಇರ್ಬೇಕೇನೋ ಅಂತ ಸುಮ್ಮನಿದ್ದೆ, ರಾತ್ರಿ ಎದ್ದು ಕೊಡವೋದು ನಿಲ್ಲಲಿಲ್ಲ.

ಫಿಸಿಯೋಥೆರಪಿಸ್ಟ್ ಹತ್ರ ತೋರಿಸಿದಾಗ ನನ್ನ ಮುಂಗೈಯನ್ನ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದ್ರು, ಜೇಬಿನಿಂದ ಪೆನ್ನು ತೆಗೆದ ಹಾಗೆ ಕಂಬಿ ಹೊರಗೆಳೆದ್ರು, ಮೇಜಿನ ಅಂಚಿಗೆ ಒತ್ತಿ ಒತ್ತಿ ನೆಟ್ಟಗೆ ಮಾಡಿ ವಾಪಸ್ ತೂರಿಸಿದ್ರು. ಎರಡು ನಿಮಿಷದ ಕೆಲಸ! ರೆಡಿಮೇಡ್ ಸ್ಪ್ಲಿಂಟ್‌ಗಳಲ್ಲಿ ತುಂಬಾ ಇಪ್ಪತ್ತು ಮೂವತ್ತು ಡಿಗ್ರಿ ಹಿಂದಕ್ಕೆ ಬಾಗಿಸಿದ ಕಂಬಿಯಲ್ಲೇ ಬರುತ್ವಂತೆ, ವಸ್ತು ಹಿಡಿಯೋಕೆ ಅದು ಅನುಕೂಲ, ಆದ್ರೆ ನರಕ್ಕೆ ಒತ್ತಡ ಕಮ್ಮಿ ಆಗೋದು ಮಣಿಕಟ್ಟು ಹೆಚ್ಚುಕಮ್ಮಿ ನೇರ ಇದ್ದಾಗ. ಇದನ್ನ ಡಬ್ಬಿ ಮೇಲೆ ಒಂದು ಸಾಲು ಬರೆಯೋಕೆ ಏನು ಕಷ್ಟ ಅಂತ ಇವತ್ತಿಗೂ ಗೊತ್ತಾಗಿಲ್ಲ. ಒಗೆಯೋಕೆ ತೆಗೆದ ಕಂಬಿನ ಒಂದ್ಸಲ ತಿರುಗಾಮುರುಗಾ ಹಾಕಿ ಅಂಗೈಗೆ ಕೆಂಪು ಗೆರೆ ಮಾಡ್ಕೊಂಡೆ, ಈಗ ಬೆರಳ ಕಡೆಯ ತುದಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿದೀನಿ.

ಜೋಮು ಮರುದಿನವೇ ಹೋಗ್ಲಿಲ್ಲ. ಮೂರನೇ ವಾರ ಒಂದಿನ ಅಲಾರಂ ಹೊಡೆದಾಗ ಹೊಳೀತು, ರಾತ್ರಿ ಎದ್ದೇ ಇಲ್ವಲ್ಲ ಅಂತ.

ವೆಲ್ಕ್ರೋ ಹೊದಿಕೆಗೆ ಅಂಟ್ಕೊಳ್ಳುತ್ತೆ, ಹಳೇ ಕಾಲುಚೀಲ ಮೇಲೆ ಏರಿಸ್ಕೊಂಡ್ರೆ ಸರಿ.

ಹೆಬ್ಬೆರಳನ್ನೂ ಹಿಡಿದಿಡೋ ಸ್ಪ್ಲಿಂಟ್ ಒಂದು ರಾತ್ರಿ ಹಾಕಿದೆ, ಅಕ್ಕಂದು. ಅವಳದು ಡಿ ಕರ್ವೇನ್ ಅನ್ನೋ ಬೇರೆ ತೊಂದ್ರೆ, ಮಗು ಎತ್ತಿ ಎತ್ತಿ ಹೆಬ್ಬೆರಳ ಬುಡದಲ್ಲಿ ನೋವು, ಅವಳಿಗೆ ಅದೇ ಬೇಕು. ನನ್ನದು ಅವಳಿಗೆ ಆಗಲ್ಲ, ಹೆಬ್ಬೆರಳು ಆಡ್ತಾನೇ ಇರುತ್ತೆ.

ಹಗಲು ನಾನು ಏನೂ ಹಾಕಲ್ಲ, ಹಾಕ್ಕೊಂಡು ಟೈಪ್ ಮಾಡಿದ್ರೆ ಭುಜ ಹಿಡ್ಕೊಳ್ಳುತ್ತೆ. ಒಂದಕ್ಕೇ ದುಡ್ಡಿದೆ, ಮಲಗೋದೂ ನನ್ನ ಹಾಗೇ ಕೈ ಮಡಚಿ ಅಂದ್ರೆ ಕಂಬಿದೇ ತಗೊಳ್ಳಿ, ಕಂಬಿ ಹೊರಗೆ ಬರುತ್ತಾ ಅಂತ ಅಂಗಡಿಯಲ್ಲೇ ಎಳೆದು ನೋಡಿ. ಕೈಯಿಂದ ಲೋಟ ಜಾರ್ತಿದ್ರೆ, ಹಗಲೂ ಜೋಮು ಬಿಡ್ತಿಲ್ಲ ಅಂದ್ರೆ, ಸ್ಪ್ಲಿಂಟ್ ನಂಬ್ಕೊಂಡು ಕೂರ್ಬೇಡಿ, ಡಾಕ್ಟರಿಗೆ ತೋರಿಸಿ.