ಪಿಟ್ ಖಾಲಿಯಾಯಿತು, ಲೋಡ್ ಎಲ್ಲಿಗೆ ಹೋಯಿತು?

ನಮ್ಮದು ಕೊಡಗಿನ ಸಿದ್ದಾಪುರದ ಕಡೆ ನಾಲ್ಕು ರೂಮಿನ ಹೋಮ್‌ಸ್ಟೇ. ಸುತ್ತ ಕಾಫಿ ತೋಟ, ಕೆಳಗೊಂದು ತೋಡು, ಅಂದರೆ ಸಣ್ಣ ಹಳ್ಳ. ಅದು ಹೋಗಿ ಸೇರುವುದು ಕಾವೇರಿಗೆ. ಗೆಸ್ಟ್‌ಗಳು ರಿವ್ಯೂನಲ್ಲಿ ಪಂದಿ ಕರಿ, ಕಡಂಬುಟ್ಟು, ಮಂಜು ಎಲ್ಲ ಬರೆಯುತ್ತಾರೆ. ಫ್ಲಶ್ ಮಾಡಿದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಬರೆಯುವುದಿಲ್ಲ. ಆ ರಿವ್ಯೂ ನಾನೇ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಟಾಯ್ಲೆಟ್ ಪಿಟ್ ತುಂಬಿದಾಗ ಅದನ್ನು ಖಾಲಿ ಮಾಡುವ ಒಂದು ಗಾಡಿ ಕರೆಸಿದ್ದೆ. ಫೋನ್ ಮಾಡಿದ ಒಂದೂವರೆ ಗಂಟೆಗೆ ಬಂದರು. ನಾಲ್ಕು ಸಾವಿರ ಲೀಟರ್ ಟ್ಯಾಂಕರ್, ಮುಕ್ಕಾಲು ಗಂಟೆಯ ಕೆಲಸ, 3,500 ರೂಪಾಯಿ. ಅವತ್ತೇ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಹೊರಡುವಾಗ ಸುಮ್ನೆ ಕೇಳಿದೆ, "ಇದನ್ನ ಎಲ್ಲಿ ಹಾಕ್ತೀರಾ?" "ದೂರ ಹಾಕ್ತೀವಿ ಅಕ್ಕ, ನಿಮಗೇನೂ ತೊಂದ್ರೆ ಇಲ್ಲ" ಅಂದ ಡ್ರೈವರ್. ಮಾರನೇ ದಿನ ಮೋರಿ ದಾಟುವಾಗ ನೋಡಿದರೆ ತೋಡಿನ ದಂಡೆಯಲ್ಲಿ ಕಪ್ಪು ಕೆಸರು, ಪಕ್ಕದಲ್ಲಿ ದೊಡ್ಡ ಟೈರಿನ ಗುರುತು. ಅದು ನಮ್ಮ ಲೋಡೇ ಅಂತ ಹೇಳಲು ಸಾಕ್ಷಿ ಇಲ್ಲ. ನಮ್ಮದಲ್ಲ ಅನ್ನಲು ಧೈರ್ಯವೂ ಇಲ್ಲ.

ಅದು ಮಾರ್ಚ್ ತಿಂಗಳು. ಕಕ್ಕಡದಲ್ಲಿ (ನಮ್ಮ ಜೋರು ಮಳೆಯ ತಿಂಗಳು) ಭೋರ್ಗರೆಯುವ ಹೊಳೆಯಲ್ಲಿ ಆಗ ಬಂಡೆಗಳೇ ಜಾಸ್ತಿ ಕಾಣುತ್ತವೆ. ಅಷ್ಟು ತೆಳು ನೀರಿಗೆ ಇಂಥ ಕೆಸರು ಬಿದ್ದರೆ, ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನಿಗೆ ಉಸಿರಿಲ್ಲ. ಸ್ನಾನ ಮಾಡುವ ಹೊಳೆಯಲ್ಲಿ ಬಿಒಡಿ (ಕೊಳೆಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಲೆಕ್ಕ) ಲೀಟರಿಗೆ 3 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಪಿಟ್ ಕೆಸರಿನಲ್ಲಿ ಅದು ಸಾವಿರಗಳ ಲೆಕ್ಕ. ನಮ್ಮ ಕೆಳಗೆ ಕುಶಾಲನಗರ, ಆಮೇಲೆ ಕೆಆರ್‌ಎಸ್, ಅದರಾಚೆ ಬೆಂಗಳೂರಿನ ನಲ್ಲಿ. ಶನಿವಾರ ನಮ್ಮಲ್ಲಿ ಉಳಿದ ಗೆಸ್ಟ್ ಸೋಮವಾರ ತಿರುಗಿಸುವುದು ಅದೇ ನಲ್ಲಿಯನ್ನ, ಅಲ್ವಾ? (ತೋಟದವರೇನೂ ಸಾಚಾ ಅಲ್ಲ. ಕೊಯ್ಲಿನ ಕಾಲದಲ್ಲಿ ಪಲ್ಪಿಂಗ್ ನೀರನ್ನು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆದ ಕೊಳೆ ನೀರನ್ನು, ತೋಡಿಗೆ ಬಿಟ್ಟು ಸುಮ್ಮನಿರುವವರು ನಮ್ಮಲ್ಲೂ ಇದ್ದಾರೆ.)

ಈ ಮಾರ್ಚ್‌ನಲ್ಲಿ ಬೇರೆಯವರನ್ನು ಕರೆದೆ. ಫೋನಿನಲ್ಲಿ ಅವರ ಮೊದಲ ಪ್ರಶ್ನೆಯೇ, "ತೋಟದಲ್ಲಿ ಎತ್ತರದ ಜಾಗ ಇದೆಯಾ? ಬಾವಿ ಎಷ್ಟು ದೂರ?" ಕೆಸರನ್ನು ತೋಟದಲ್ಲೇ ಹೂಳಲು, ಬಾವಿಯಿಂದಲೂ ತೋಡಿನಿಂದಲೂ ದೂರ, ಉದ್ದ ಗುಂಡಿ ತೆಗೆಸಿಡಲು ಹೇಳಿದರು. ಮಳೆ ನೀರು ಇಂಗಲು ಕಾಫಿ ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆದು ಅಭ್ಯಾಸವಿರುವ ನಮ್ಮ ಕೆಲಸದವರಿಗೆ ಇದು ಅರ್ಧ ದಿನದ ಕೆಲಸ. ಕೆಸರಿಗೆ ಸುಣ್ಣ ಕಲಸಿ, ಪಿಎಚ್ (ಕ್ಷಾರದ ಮಟ್ಟ) 12ಕ್ಕೆ ಏರಿಸಿ, ಅರ್ಧ ಗಂಟೆ ಬಿಟ್ಟು ಗುಂಡಿಗೆ ಇಳಿಸಿದರು. ರೋಗಾಣು ಸಾಯಲಿ ಅಂತ ಈ ಸುಣ್ಣ. ಮೇಲೆ ದಪ್ಪಗೆ ಮಣ್ಣು. ಆ ಜಾಗದಲ್ಲಿ ತರಕಾರಿ ಬೇಡ, ಬಾಳೆ ಆಗಬಹುದು ಅಂದರು. ಎಲ್ಲರ ಕೈಗೂ ಗ್ಲೌಸ್, ಕಾಲಿಗೆ ಗಂಬೂಟ್. ಪಿಟ್ ಒಳಗೆ ಯಾರೂ ಇಳಿಯಲಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಸುರಕ್ಷತಾ ಸಾಧನಗಳಿಲ್ಲದೆ ಇಳಿಸುವಂತೆಯೂ ಇಲ್ಲ. ತಳದಲ್ಲಿ ಸ್ವಲ್ಪ ಕೆಸರು ಬಿಟ್ಟಾಗ ಮೋಸ ಅಂದುಕೊಂಡೆ. ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಇರುತ್ತವೆ, ಮೊಸರಿಗೆ ಹೆಪ್ಪು ಇದ್ದ ಹಾಗಂತೆ. ಫಿನೈಲ್, ಆಸಿಡ್ ಸುರಿದು ಆ ಬ್ಯಾಕ್ಟೀರಿಯಾ ಕೊಲ್ಲಬೇಡಿ ಅಂತಲೂ ಬೈಸಿಕೊಂಡೆ.

ದೂರುಗಳೂ ಇವೆ. ಒಂದು ದಿನ ತಡವಾಗಿ ಬಂದರು. ಬಿಲ್ ಕೇಳಿದರೆ ಕೈಯಲ್ಲಿ ಬರೆದ ಚೀಟಿ. 5,200 ರೂಪಾಯಿ, ಗುಂಡಿಯ ಕೂಲಿ ಬೇರೆ. ಎರಡು ದಿನ ವಾಸನೆ ಇತ್ತು, ಮೂಲೆ ರೂಮಿನ ಗೆಸ್ಟ್ ಮುಖ ಸಿಂಡರಿಸಿದರು. ಬುಕಿಂಗ್ ನಿಲ್ಲಿಸದೆ ಇದ್ದದ್ದು ನನ್ನದೇ ತಪ್ಪು.

ಪಟ್ಟಣದಲ್ಲಿ ಐದು ಸೆಂಟ್ ಜಾಗದವರಿಗೆ ಈ ಸರ್ವೀಸ್ ಆಗದ ಮಾತು. ಹೊಳೆ ಬದಿಯವರಿಗಂತೂ ಬೇಡವೇ ಬೇಡ. 2019ರ ಆಗಸ್ಟ್‌ ಪ್ರವಾಹದಲ್ಲಿ ನಮ್ಮ ಹೊಳೆ ಬದಿಯ ಊರುಗಳಾದ ಕರಡಿಗೋಡು, ಗುಹ್ಯದಲ್ಲಿ ನೀರು ಎಲ್ಲಿವರೆಗೆ ಬಂತು ಅಂತ ನೆನಪಿದೆಯಲ್ಲ? ಅವರಿಗೆ ಬೇಕಾಗಿರುವುದು ದೇವನಹಳ್ಳಿಯಲ್ಲಿ 2015ರಲ್ಲಿ ಕಟ್ಟಿದಂಥ ಕೆಸರು ಸಂಸ್ಕರಣೆ ಘಟಕ. ಅದಿಲ್ಲದೆ ಎಂಥ ಒಳ್ಳೆಯ ಗಾಡಿ ಬಂದರೂ ಲೋಡ್ ಇಳಿಸಲು ಜಾಗ ಎಲ್ಲಿ?

ಸದ್ಯಕ್ಕೆ ಐದಕ್ಕೆ ನಾಲ್ಕು. ಗುಂಡಿಯ ಎರಡೂ ತುದಿಗೆ ಬಿದಿರು ಕಡ್ಡಿ ನೆಟ್ಟಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದಾಗ ಕೊಡೆ ಹಿಡಿದು ಹೋಗಿ ನೋಡಬೇಕು. ಅಲ್ಲಿಂದ ನೀರು ತೋಡಿನ ಕಡೆ ಇಳಿಯುತ್ತಿದ್ದರೆ ಇನ್ನೊಂದು ಸ್ಟಾರ್ ಕಿತ್ತುಕೊಳ್ಳುತ್ತೇನೆ.