ಗಣಿತದಲ್ಲಿ ಮಾಸ್ಟರ್ಸ್ ಮಾಡೋರಿಗೆ: ಎಂಎಸ್ಸಿ, ಎಂಎಸ್ಸಿಎಡ್, ಎಂಎ ಎಜುಕೇಶನ್ ಬಗ್ಗೆ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಗಣಿತ ಪಾಠ ಮಾಡೋದೇ ನಿಮ್ಮ ಆಸೆ ಆಗಿದ್ರೆ ಪಿಯುಸಿ ಮುಗಿಯೋ ಹೊತ್ತಿಗೇ ಮೈಸೂರಿನ ಆರ್‌ಐಇ ಅನ್ನೋ ಟೀಚರ್ ತರಬೇತಿ ಸಂಸ್ಥೆ ಕಡೆ ಒಂದ್ಸಲ ನೋಡಿ. ಡಿಗ್ರಿ ಆಗಲೇ ಮುಗಿದಿದೆ ಅನ್ನೋರಿಗೂ ಕೆಳಗೆ ಬರ್ದಿದೀನಿ, ಆದ್ರೆ ನನ್ನ ಲೆಕ್ಕದಲ್ಲಿ ಪೂರ್ತಿ ಮಾರ್ಕ್ಸ್ ಕೊಡೋದು ಆರ್‌ಐಇಗೇನೇ.

ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಅಂತ ಪೂರ್ತಿ ಹೆಸರು, ಎನ್‌ಸಿಇಆರ್‌ಟಿ ಸಂಸ್ಥೆ, 1963ರಲ್ಲಿ ಶುರುವಾಗಿದ್ದು, ಮೈಸೂರು ವಿವಿ ಕ್ಯಾಂಪಸ್ ಮಾನಸಗಂಗೋತ್ರಿ ಪಕ್ಕದಲ್ಲೇ ಇದೆ. ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಇರೋದ್ರಿಂದ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ಹುಡುಗ್ರೂ ಬರ್ತಾರೆ. ಅಲ್ಲಿ ಪಿಯುಸಿ ಪಿಸಿಎಂ ಆದ್ಮೇಲೆ ಆರು ವರ್ಷದ ಇಂಟಿಗ್ರೇಟೆಡ್ ಎಂಎಸ್ಸಿಎಡ್ (ಎಂಎಸ್ಸಿ ಓದು, ಟೀಚರ್ ತರಬೇತಿ ಎರಡೂ ಸೇರಿದ್ದು) ಕೋರ್ಸ್ ಇದೆ, ಗಣಿತದಲ್ಲಿ ಮಾಡಬಹುದು, ಡಿಗ್ರಿ ಮೈಸೂರು ವಿಶ್ವವಿದ್ಯಾಲಯದ್ದು. ಎಂಟ್ರೆನ್ಸ್ ಪರೀಕ್ಷೆ ಬರೀಬೇಕು. ನಮ್ಮಲ್ಲಿ ಬೇರೆಯವ್ರು ಹೋಗೋ ದಾರಿ ಏನು ಅಂದ್ರೆ ಬಿಎಸ್ಸಿ 3 ವರ್ಷ, ಎಂಎಸ್ಸಿ 2 ವರ್ಷ, ಬಿಎಡ್ 2 ವರ್ಷ, ಒಟ್ಟು 7. ಇಲ್ಲಿ ಆರರಲ್ಲೇ ಮುಗಿಯುತ್ತೆ. ಆದ್ರೆ ಉಳಿಯೋ ಒಂದು ವರ್ಷಕ್ಕೋಸ್ಕರ ಇದನ್ನ ಹೊಗಳ್ತಿಲ್ಲ. ಗಣಿತ ಮತ್ತೆ ಗಣಿತ ಕಲಿಸೋದು ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ವಯಸ್ಸಲ್ಲಿ ಕಲೀತೀರ, ಕ್ಯಾಂಪಸ್ ಒಳಗೇ ಡೆಮಾನ್‌ಸ್ಟ್ರೇಶನ್ ಸ್ಕೂಲ್ ಇದೆ, ಬೆಳಿಗ್ಗೆ ಥಿಯರಿಯಲ್ಲಿ ಓದಿದ್ದು ನಿಜವಾದ ಮಕ್ಕಳ ಮುಂದೆ ನಿಲ್ಲುತ್ತೋ ಇಲ್ವೋ ನೋಡೋಕೆ ದೂರ ಹೋಗಬೇಕಾಗಿಲ್ಲ.

ನಾನು ಅಲ್ಲಿ ಓದಿದವನಲ್ಲ. ರಾಜ್ಯದ ಒಂದು ವಿವಿಯಲ್ಲಿ ಎಂಎಸ್ಸಿ, ಆಮೇಲೆ ಬಿಎಡ್, ಈಗ ಪಿಯು ಲೆಕ್ಚರರ್. ನನ್ನ ಜೊತೆ ಪಾಠ ಮಾಡೋ ಮೇಡಂ ಒಬ್ರು ಆರ್‌ಐಇಯಲ್ಲಿ ಓದಿದವ್ರು. ಅವ್ರ ಕ್ಲಾಸು ನೋಡಿದ್ಮೇಲೇನೇ ನಂಗೆ ಈ ಕೋರ್ಸ್ ಬೆಲೆ ಅರ್ಥ ಆಗಿದ್ದು. ಫಸ್ಟ್ ಪಿಯು ಮಕ್ಕಳು ತ್ರಿಕೋನಮಿತಿಯಲ್ಲಿ ಸೈನ್ (ಎ ಪ್ಲಸ್ ಬಿ) ಅಂದ್ರೆ ಸೈನ್ ಎ ಪ್ಲಸ್ ಸೈನ್ ಬಿ ಅಂತ ಬರೀತಾರೆ, ಪ್ರತಿ ವರ್ಷ, ಪ್ರತಿ ಸೆಕ್ಷನ್ನಲ್ಲೂ. ಸಾಮಾನ್ಯವಾಗಿ ನಾವೆಲ್ಲ ಫಾರ್ಮುಲಾನ ಬೋರ್ಡ್ ಮೇಲೆ ಇನ್ನೊಂದ್ಸಲ ಬರ್ದು ಬಾಕ್ಸ್ ಹಾಕ್ತೀವಿ. ಅವ್ರು ಬಾಕ್ಸ್ ಹಾಕ್ಲಿಲ್ಲ, ಎ, ಬಿ ಎರಡಕ್ಕೂ 90 ಹಾಕಿ ನೋಡ್ರೋ ಅಂದ್ರು. ಸೈನ್ 180 ಸೊನ್ನೆ, ಸೈನ್ 90 ಎರಡು ಸಲ ಕೂಡಿಸಿದ್ರೆ 2. ಕ್ಲಾಸಲ್ಲಿ ಗಲಾಟೆ ಶುರುವಾಯ್ತು. ಆಮೇಲೆ ಕೇಳಿದ್ರು, ಹಾಗಾದ್ರೆ ಈ ರೂಲು ನಿಮ್ಗೆ ಎಲ್ಲಿಂದ ಬಂತು? ಏಳನೇ ಕ್ಲಾಸಲ್ಲಿ ಬ್ರ್ಯಾಕೆಟ್ ಹೊರಗಿರೋ 2ರಿಂದ ಒಳಗಿರೋದನ್ನೆಲ್ಲ ಗುಣಿಸಿದ್ದು ನೆನಪಿದೆ ಅಲ್ವಾ, ಆ ರೂಲು ಎಲ್ಲಿ ನಡೆಯುತ್ತೆ ಎಲ್ಲಿ ನಡೆಯಲ್ಲ ಅಂತ ಮಕ್ಕಳ ಕೈಲೇ ಪಟ್ಟಿ ಮಾಡಿಸಿದ್ರು, ವರ್ಗಮೂಲ, ಲಾಗ್, ವರ್ಗ, ಎಲ್ಲ ಬಂತು. ಮಗು ಯಾಕೆ ಹಾಗೆ ಬರೀತು ಅನ್ನೋದು ಗೊತ್ತಿರಬೇಕು, ಜೊತೆಗೆ ಲೀನಿಯರ್ (ಬ್ರ್ಯಾಕೆಟ್ ಬಿಡಿಸೋ ಆ ರೂಲು ನಡೆಯೋ ಗುಣ) ಅಂದ್ರೆ ಏನು ಅನ್ನೋದು ಎಂಎಸ್ಸಿ ಮಟ್ಟದಲ್ಲಿ ಗೊತ್ತಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ರೂ ಆ ಪಾಠ ಹುಟ್ತಿರ್ಲಿಲ್ಲ. ಅಮೆರಿಕದ ಲೀ ಶುಲ್ಮನ್ 1986ರಲ್ಲೇ ಇದನ್ನ ಹೇಳಿದ್ರು, ವಿಷಯದ ಜ್ಞಾನ ಬೇರೆ, ಬೋಧನಾ ಕ್ರಮದ ಜ್ಞಾನ ಬೇರೆ, ಇವೆರಡೂ ಸೇರಿದಾಗ ಆಗೋ ಮೂರನೇ ಜ್ಞಾನ ಒಂದಿದೆ, ಟೀಚರ್‌ಗೆ ಬೇಕಿರೋದು ಅದು ಅಂತ. ನಮ್ಮ ಬಿಎಡ್‌ಗಳಲ್ಲಿ ಈ ಮಾತು ಪರೀಕ್ಷೆಗೆ ಐದು ಮಾರ್ಕ್ಸ್ ಪ್ರಶ್ನೆಯಾಗಿ ಬರುತ್ತೆ, ಅಷ್ಟೇ.

ಈಗ ಮಾಮೂಲಿ ಎಂಎಸ್ಸಿ ಬಗ್ಗೆ. ನಾಲ್ಕು ಸೆಮಿಸ್ಟರ್, ರಿಯಲ್ ಅನಾಲಿಸಿಸ್, ಆಲ್ಜಿಬ್ರಾ, ಟೋಪಾಲಜಿ, ಕಾಂಪ್ಲೆಕ್ಸ್ ಅನಾಲಿಸಿಸ್, ಡಿಫರೆನ್ಷಿಯಲ್ ಈಕ್ವೇಶನ್ಸ್, ಫಂಕ್ಷನಲ್ ಅನಾಲಿಸಿಸ್, ಹೆಚ್ಚುಕಮ್ಮಿ ಎಲ್ಲ ಕಡೆ ಇವೇ. ಸರ್ಕಾರಿ ವಿವಿಗಳಲ್ಲಿ ಫೀಸು ಕಮ್ಮಿ, ಅದು ದೊಡ್ಡ ವಿಷಯ, ಹಳ್ಳಿ ಕಡೆಯಿಂದ ಬರೋ ಎಷ್ಟೋ ಮಕ್ಕಳು ಇದೊಂದೇ ಕಾರಣಕ್ಕೆ ಮಾಸ್ಟರ್ಸ್ ಮಾಡೋಕಾಗಿದೆ. ಅಪ್ಲೈಡ್ ಮ್ಯಾಥ್ಸ್‌ನಲ್ಲಿ ನಮ್ಮ ರಾಜ್ಯಕ್ಕೆ ಒಂದು ಒಳ್ಳೆ ಪರಂಪರೆ ಇದೆ, ಅದು ಜನಕ್ಕೆ ಗೊತ್ತೇ ಇಲ್ಲ ಅನ್ನೋದು ನಂಗೆ ಬೇಜಾರು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1956ರಲ್ಲಿ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ವಿಭಾಗ ಕಟ್ಟಿದ್ದು ಪಿ. ಎಲ್. ಭಟ್ನಾಗರ್. 1954ರಲ್ಲಿ ಗ್ರಾಸ್ ಮತ್ತೆ ಕ್ರೂಕ್ ಜೊತೆ ಸೇರಿ ಅವ್ರು ಕೊಟ್ಟ ಬಿಜಿಕೆ ಮಾಡೆಲ್ (ಅನಿಲದ ಕಣಗಳ ಡಿಕ್ಕಿಯನ್ನ ಸರಳವಾಗಿ ಲೆಕ್ಕ ಹಾಕೋ ವಿಧಾನ) ಇವತ್ತಿಗೂ ದ್ರವ, ಅನಿಲಗಳ ಕಂಪ್ಯೂಟರ್ ಸಿಮ್ಯುಲೇಶನ್ನಲ್ಲಿ ದಿನಾ ಬಳಕೆಯಲ್ಲಿದೆ. ಬೆಂಗಳೂರು ವಿವಿಯಲ್ಲಿ ಎನ್. ರುದ್ರಯ್ಯ ಅವ್ರು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ದೊಡ್ಡ ತಂಡವನ್ನೇ ಬೆಳೆಸಿದ್ರು. ಅದಕ್ಕೇ ರಾಜ್ಯದ ಎಷ್ಟೋ ವಿಭಾಗಗಳಲ್ಲಿ ಇವತ್ತಿಗೂ ಫ್ಲೂಯಿಡ್ಸ್, ಕನ್ವೆಕ್ಷನ್ (ಬಿಸಿಯಿಂದ ದ್ರವ ಸುತ್ತೋದು) ಅಂದ್ರೆ ರಿಸರ್ಚ್ ಗೈಡ್‌ಗಳು ಸಿಕ್ತಾರೆ.

ಈ ಕನ್ವೆಕ್ಷನ್ ಪೇಪರ್ ಸಿಕ್ಕಿದ್ರೆ ಬಿಡಬೇಡಿ. ಎರಡು ಗಟ್ಟಿ ತಟ್ಟೆಗಳ ಮಧ್ಯೆ ತೆಳ್ಳಗೆ ದ್ರವ, ಕೆಳಗಿಂದ ಕಾಯಿಸ್ತಾ ಹೋಗಿ, ಒಂದು ಹಂತದ ತನಕ ಏನೂ ಅಲುಗಾಡಲ್ಲ, ರೇಲೀ ನಂಬರ್ (ಬಿಸಿಯಿಂದ ದ್ರವ ಮೇಲೇಳೋ ಒತ್ತಡ, ಅದನ್ನ ತಡೆಯೋ ಗುಣಗಳು, ಇವನ್ನ ಹೋಲಿಸೋ ಸಂಖ್ಯೆ) ಸುಮಾರು 1708 ದಾಟ್ತಿದ್ದ ಹಾಗೆ ದ್ರವ ತಾನಾಗೇ ಸುತ್ತೋಕೆ ಶುರು ಮಾಡುತ್ತೆ. ಆ 1708 ಅಳತೆ ಮಾಡೋಕೆ ಮುಂಚೆನೇ ಸಮೀಕರಣದಿಂದ, ಐಗನ್ ವ್ಯಾಲ್ಯೂ ಕಂಡುಹಿಡಿದು ಪೇಪರ್ ಮೇಲೆ ತೆಗೀಬಹುದು. ಬಿಎಸ್ಸಿಯಲ್ಲಿ ಸುಮ್ನೆ ಮ್ಯಾಟ್ರಿಕ್ಸ್‌ಗೆ ಐಗನ್ ವ್ಯಾಲ್ಯೂ ಕಂಡುಹಿಡಿದು ಕಂಡುಹಿಡಿದು ಸಾಕಾಗಿರುತ್ತಲ್ಲ, ಅದು ಯಾಕೆ ಬೇಕಿತ್ತು ಅಂತ ಇಲ್ಲಿ ತಿಳಿಯುತ್ತೆ.

ಆದ್ರೆ ನಾನು ಓದಿದ ವಿಭಾಗದಲ್ಲಿ ಲ್ಯಾಬ್ ಅಂದ್ರೆ ರೆಕಾರ್ಡ್ ಬುಕ್ ತುಂಬೋದು ಅಂತಾಗಿತ್ತು. ಸೈಲ್ಯಾಬ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬರೆಯೋ ಪ್ರೋಗ್ರಾಂ ಹಿಂದಿನ ಬ್ಯಾಚಿನವ್ರದ್ದು, ಔಟ್‌ಪುಟ್ಟೂ ಅವ್ರದ್ದೇ. ಹೀಟ್ ಈಕ್ವೇಶನ್ನ (ಬಿಸಿ ಹರಡೋದರ ಸಮೀಕರಣ) ಸಮಯ, ಜಾಗ ಎರಡನ್ನೂ ಸಣ್ಣ ತುಂಡು ಮಾಡೋ ಎಕ್ಸ್‌ಪ್ಲಿಸಿಟ್ ಫೈನೈಟ್ ಡಿಫರೆನ್ಸ್‌ನಲ್ಲಿ ಬಿಡಿಸುವಾಗ ಟೈಮ್ ಸ್ಟೆಪ್ ಸ್ವಲ್ಪ ದೊಡ್ಡದಾದ್ರೆ ಉತ್ತರ ಸಾವಿರ, ಲಕ್ಷ ಅಂತ ಹಾರಿಹೋಗುತ್ತೆ, ಟೈಮ್ ಸ್ಟೆಪ್‌ಗೂ ಜಾಗದ ತುಂಡಿನ ವರ್ಗಕ್ಕೂ ಇರೋ ಅನುಪಾತ (ಬಿಸಿ ಹರಡೋ ಸ್ಥಿರಾಂಕ ಸೇರಿಸಿ) 1/2 ಮೀರಬಾರದು ಅನ್ನೋ ಷರತ್ತನ್ನ ನಾವು ಬಾಯಿಪಾಠ ಮಾಡಿದ್ವೇ ಹೊರತು ಹಾರಿಹೋಗೋದನ್ನ ಸ್ಕ್ರೀನ್ ಮೇಲೆ ಯಾರೂ ನೋಡಿರ್ಲಿಲ್ಲ. ಸೆಮಿನಾರ್ ಅಂತ ಟೈಮ್‌ಟೇಬಲಲ್ಲಿ ಇತ್ತು, ಎರಡು ವರ್ಷದಲ್ಲಿ ಯಾರೂ ನಮ್ಮನ್ನ ಬೋರ್ಡ್ ಹತ್ರ ಕರೆದು ಇದು ಯಾಕೆ ಹೀಗೆ ಹೇಳಪ್ಪ ಅನ್ಲಿಲ್ಲ. ಇಷ್ಟೆಲ್ಲ ಥಿಯರಂ ಓದಿ ಹೊರಗೆ ಬಂದವ್ರಲ್ಲಿ ತುಂಬಾ ಜನ ಹೋಗೋದು ಟೀಚಿಂಗ್‌ಗೇ, ಆದ್ರೂ ಎಂಎಸ್ಸಿ ಸಿಲಬಸ್ಸಲ್ಲಿ ಪಾಠ ಹೇಳೋದರ ಬಗ್ಗೆ ಒಂದು ಪೇಪರ್ ಕೂಡ ಇರ್ಲಿಲ್ಲ. ಇದು ನಂಗೆ ಇವತ್ತಿಗೂ ಸಿಟ್ಟು ಬರಿಸುತ್ತೆ. ಕನ್ನಡ ಮೀಡಿಯಂನಿಂದ ಬಂದವ್ರಿಗೆ ಇನ್ನೂ ಕಷ್ಟ, ಪ್ರೂಫ್ ತಲೆಯಲ್ಲಿ ಸರಿಯಾಗೇ ಇರುತ್ತೆ, ಇಂಗ್ಲಿಷಲ್ಲಿ ಬರಿಯೋಕೆ ಹೋದ್ರೆ ಕೈ ನಿಂತುಬಿಡುತ್ತೆ, ಮಾರ್ಕ್ಸ್ ಹೋಗುತ್ತೆ, ಆಮೇಲೆ ನಂಗೆ ಮ್ಯಾಥ್ಸೇ ಬರಲ್ಲ ಅಂತ ತೀರ್ಮಾನಕ್ಕೆ ಬಂದುಬಿಡ್ತಾರೆ. ಒಳ್ಳೆ ತಲೆಗಳು ಹೀಗೆ ಬಿಟ್ಟು ಹೋಗಿದ್ದನ್ನ ನೋಡಿದೀನಿ.

ರಿಸರ್ಚ್ ಕಡೆ ಮನಸ್ಸಿರೋರು ಯಲಹಂಕದಲ್ಲಿರೋ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಸೆಂಟರ್ ಫಾರ್ ಅಪ್ಲಿಕಬಲ್ ಮ್ಯಾಥಮ್ಯಾಟಿಕ್ಸ್ ನೋಡಿ. 1970ರ ದಶಕದಲ್ಲಿ ಐಐಎಸ್‌ಸಿ ಜೊತೆಗಿನ ಕಾರ್ಯಕ್ರಮವಾಗಿ ಹುಟ್ಟಿದ್ದು, ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ಸ್‌ಗೆ ಹೆಸರುವಾಸಿ, ಇಂಟಿಗ್ರೇಟೆಡ್ ಎಂಎಸ್ಸಿ-ಪಿಎಚ್‌ಡಿ ಇದೆ, ಸ್ಟೈಪೆಂಡ್ ಕೊಡ್ತಾರೆ. ಐಐಎಸ್‌ಸಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು, ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜಿಬ್ರಾ ಗಟ್ಟಿ ಮಾಡ್ಕೊಳ್ಳಿ, ಕೋಚಿಂಗ್‌ಗೆ ದುಡ್ಡು ಸುರಿಯೋ ಮುಂಚೆ ಎನ್‌ಪಿಟೆಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠದ ವಿಡಿಯೋಗಳನ್ನ ಫ್ರೀಯಾಗಿ ನೋಡಿ.

ಬಿಎಸ್ಸಿ ಮುಗಿಸಿ ಆರ್‌ಐಇ ದಾರಿ ತಪ್ಪಿಹೋದವ್ರಿಗೆ ಇನ್ನೊಂದಿದೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ವರ್ಷದ ಎಂಎ ಎಜುಕೇಶನ್. ಮನೆ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡೋದ್ರಿಂದ ಫೀಸು ನೋಡಿದ ತಕ್ಷಣ ಹಿಂದೆ ಸರಿಯಬೇಡಿ, ಅರ್ಜಿ ಹಾಕಿ. ಶಿಕ್ಷಣದ ತತ್ವಶಾಸ್ತ್ರ, ಸಮಾಜಶಾಸ್ತ್ರ, ಮಕ್ಕಳ ಕಲಿಕೆ, ಶಾಲೆಗಳಿಗೆ ಹೋಗಿ ಕೆಲಸ, ಇವೆಲ್ಲ ಗಟ್ಟಿಯಾಗಿವೆ. 0.3ಕ್ಕಿಂತ 0.25 ದೊಡ್ಡದು ಅಂತ ಮಗು ಯಾಕೆ ಹೇಳುತ್ತೆ, 25 ಅನ್ನೋದು 3ಕ್ಕಿಂತ ದೊಡ್ಡದಲ್ವಾ ಅಂತ, ಇಂಥದನ್ನ ಕೂತು ಯೋಚನೆ ಮಾಡೋರ ಜೊತೆ ಇರ್ತೀರ. ಆದ್ರೆ ಇದು ಎಂಎಸ್ಸಿ ಅಲ್ಲ, ಟೋಪಾಲಜಿ ಕಲಿಯೋಕೆ ಇಲ್ಲಿಗೆ ಹೋಗಬೇಡಿ, ಪಿಯು ಲೆಕ್ಚರರ್ ಆಗಬೇಕು ಅನ್ನೋರಿಗೂ ಇದೊಂದರಿಂದ ಆಗಲ್ಲ. ಅವ್ರು ತರೋ ಅಟ್ ರೈಟ್ ಆಂಗಲ್ಸ್ ಅನ್ನೋ ಗಣಿತ ಪತ್ರಿಕೆ ಮಾತ್ರ ನೆಟ್‌ನಲ್ಲಿ ಫ್ರೀ ಇದೆ, ಎಲ್ಲಿ ಓದ್ತಿದ್ರೂ ಡೌನ್‌ಲೋಡ್ ಮಾಡ್ಕೊಳ್ಳಿ.

ಕೆಲಸದಲ್ಲಿದ್ದುಕೊಂಡು ಓದೋರಿಗೆ ಕೆಎಸ್‌ಒಯು (ಕರ್ನಾಟಕ ರಾಜ್ಯ ಮುಕ್ತ ವಿವಿ) ಎಂಎಸ್ಸಿ ಇದೆ, ಇಗ್ನೋದಲ್ಲಿ ಕಂಪ್ಯೂಟರ್ ಸೈನ್ಸ್ ಅನ್ವಯದ ಜೊತೆ ಗಣಿತ ಎಂಎಸ್ಸಿ ಇದೆ. ಅನಾಲಿಸಿಸ್‌ನ ಒಬ್ಬರೇ ಕೂತು ಓದೋದು ಕಷ್ಟ, ಜೊತೆಗೆ ಇನ್ನೊಬ್ಬರನ್ನ ಹುಡುಕ್ಕೊಂಡು ಸೇರಿ.

ಕೆಲಸದ ಲೆಕ್ಕನೂ ಹೇಳ್ತೀನಿ. ಸರ್ಕಾರಿ ಪಿಯು ಲೆಕ್ಚರರ್ ಹುದ್ದೆಗೆ ಎಂಎಸ್ಸಿಯಲ್ಲಿ 55% ಜೊತೆಗೆ ಬಿಎಡ್ ಕೇಳ್ತಾರೆ, ಡಿಗ್ರಿ ಕಾಲೇಜಿಗೆ ನೆಟ್ ಅಥವಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಡೇಟಾ ಕಡೆ ಹೋಗೋರು ಪೈಥಾನ್ ಮತ್ತೆ ಪ್ರಾಬಬಿಲಿಟಿ ತಾವೇ ಕಲಿಬೇಕು, ಎಷ್ಟೋ ಎಂಎಸ್ಸಿಗಳಲ್ಲಿ ಅದು ಸಾಕಾಗುವಷ್ಟು ಇರಲ್ಲ.

ಯಾವ ವಿಭಾಗಕ್ಕೆ ಸೇರೋ ಮುಂಚೆನೂ ಒಂದು ದಿನ ಹೋಗಿ ಅಲ್ಲಿನ ಎರಡನೇ ವರ್ಷದವ್ರ ಹತ್ರ ಮಾತಾಡಿ. ಲ್ಯಾಬಲ್ಲಿ ಪ್ರೋಗ್ರಾಂ ನೀವೇ ಬರೀತೀರಾ, ಪ್ರಾಜೆಕ್ಟ್ ಟಾಪಿಕ್ ಯಾರು ಆರಿಸ್ತಾರೆ, ನಾಲ್ಕು ಜನರ ಮುಂದೆ ನಿಂತು ಒಂದು ಪ್ರೂಫ್ ಹೇಳಿದ್ದೀರಾ, ಪರ್ಮನೆಂಟ್ ಮೇಷ್ಟ್ರು ಎಷ್ಟು ಜನ, ಗೆಸ್ಟ್ ಎಷ್ಟು ಜನ ಅಂತ ಕೇಳಿ. ಪ್ರಾಸ್ಪೆಕ್ಟಸ್‌ನಲ್ಲಿ ಇದ್ಯಾವುದೂ ಇರಲ್ಲ, ಆ ಹುಡುಗ್ರು ಹತ್ತು ನಿಮಿಷದಲ್ಲಿ ಎಲ್ಲ ಹೇಳ್ತಾರೆ.